ಬೈನಾಳ ಇಸ್ತ್ರಿ

ಬಾವಿಯ ನೀರು ಹೊತ್ತು ಒಳಗೆ ಕಾಲಿಟ್ಟ ಕೆಜಾಯಾಳಿಗೆ ಮೊದಲು ಕಂಡದ್ದು ಇಸ್ತ್ರಿ. ಗಟ್ಟಿ ಕಬ್ಬಿಣದ ಆ ಇಸ್ತ್ರಿ ಹಲಗೆಯ ತುದಿಯಲ್ಲಿ, ತನ್ನ ಚಪ್ಪಟೆ ಹಿಮ್ಮಡಿಯ ಮೇಲೆ, ನೆಟ್ಟಗೆ ನಿಂತಿತ್ತು. ಹಲಗೆಯ ಮೇಲಿನ ಅಂಗಿಯ ಒಂದು ತೋಳು ಮುಗಿದಿತ್ತು. ಇನ್ನೊಂದು ಮುದುಡಿಕೊಂಡೇ ಇತ್ತು. ತಾಯಿ ಬೈನಾ ಪಕ್ಕದ ಕುರ್ಚಿಯಲ್ಲಿ ಕೂತು ಗೋಡೆಗೆ ತಲೆ ಆನಿಸಿದ್ದಳು.

"ಅವ್ವಾ, ಇಸ್ತ್ರಿ ಆರಿಹೋಗ್ತದೆ" ಎಂದಳು ಕೆಜಾಯಾ.

ಇನ್ನೊಂದು ಸಲ ಸ್ವಲ್ಪ ಸಿಡುಕಿನಿಂದಲೇ ಹೇಳಿದಳು. ಆಮೇಲೆ ಬಿಂದಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಎಪ್ಪತ್ತು ದಾಟಿದ ಆ ಜೀವ ಹೋಗುವ ಗಳಿಗೆಯಲ್ಲೂ ಇಸ್ತ್ರಿಯನ್ನು ಬಟ್ಟೆಯ ಮೇಲೆ ಬಿಟ್ಟಿರಲಿಲ್ಲ.

ಸುದ್ದಿ ತಿಳಿದು ಬೈನಾಳ ಅಕ್ಕ ಟೈರಾ ಕೋಲೂರಿಕೊಂಡು ಬಂದಳು. ಗಡಿಯಾರ ನಿಲ್ಲಿಸಿದಳು, ಕನ್ನಡಿಯನ್ನು ಗೋಡೆಗೆ ತಿರುಗಿಸಿದಳು, ತಂಗಿಯ ಕಣ್ಣು ಮುಚ್ಚಿದಳು. "ನನಗಿಂತ ಮೂರು ವರ್ಷ ಚಿಕ್ಕೋಳು. ಹುಟ್ಟಿದಾಗಿಂದ ಇವಳಿಗೆ ಅವಸರ" ಎಂದು ಬೈದು, ಬೈದದ್ದು ಮುಗಿದ ಮೇಲೆ ಅತ್ತಳು. ಕಣ್ಣೊರೆಸಿಕೊಂಡು ಕೇಳಿದಳು: "ಕೊನೇಗೆ ಮುಟ್ಟಿದ್ದು ಏನು?"

"ಇಸ್ತ್ರಿ, ದೊಡ್ಡವ್ವ."

"ಬಟ್ಟಲು ಮುಟ್ಟಲಿಲ್ವಾ? ಕಾಫಿ ಕುಡೀಲಿಲ್ವಾ?"

"ಕುಡಿದ್ಲು. ಆಮೇಲೆ ಇಸ್ತ್ರಿ ಹಿಡಿದ್ಲು."

ಟೈರಾ ಇಸ್ತ್ರಿಯನ್ನು ದಿಟ್ಟಿಸಿದಳು. ಸತ್ತವರು ಕೊನೆಗೆ ಮುಟ್ಟಿದ ವಸ್ತುವನ್ನು ಗೋರಿಯ ಮೇಲಿಡಬೇಕು. ಇಡುವ ಮುಂಚೆ ಒಡೆಯಬೇಕು. ಒಡೆಯದೆ ಇಟ್ಟರೆ ಸಾವಿನ ಸರಪಳಿ ತುಂಡಾಗದು, ಮನೆಯವರು ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಬಿಡುಗಡೆಯಾದ ಗುಲಾಮರು ನೆಲೆಸಿದ್ದ ಆ ದ್ವೀಪದಲ್ಲಿ ಇದನ್ನು ತಪ್ಪಿಸಿದವರಿಲ್ಲ.

"ಬಟ್ಟಲು ಮುಟ್ಟಿ ಸಾಯೋರನ್ನ ಕಂಡಿದ್ದೀನಿ, ಹೂಜಿ ಮುಟ್ಟಿ ಸಾಯೋರನ್ನ ಕಂಡಿದ್ದೀನಿ" ಎಂದಳು ಟೈರಾ. "ಕಬ್ಬಿಣದ ಮುದ್ದೇನ ಯಾವ ಪುಣ್ಯಾತ್ಮ ಒಡೀತಾನೆ?"

ಕೆಜಾಯಾಳ ಮನಸ್ಸು ಬೇರೆ ಕಡೆ ಇತ್ತು. ತಾಯಿಯನ್ನು ಹೂಳಬೇಕಾದದ್ದು ನದಿಯಾಚೆಯ ಹಳೆಯ ಭತ್ತದ ತೋಟದಲ್ಲಿ. ಬೈನಾಳ ತಾಯಿ, ಬೈನಾಳ ಮೊದಲ ಕೂಸು ಮಲಗಿರುವುದು ಅಲ್ಲೇ. ಆದರೆ ಆ ನೆಲ ಈಗಲೂ, ಒಂದು ಕಾಲಕ್ಕೆ ಇವರನ್ನೆಲ್ಲ ಗುಲಾಮರಾಗಿ ದುಡಿಸಿದ, ಹಾರ್ಲೊ ಮನೆತನದ್ದು. ಉಳಿದಿರುವ ಒಬ್ಬಳೇ ಮಗಳು ಲವೀನಿಯಾ, ತನ್ನ ತಾಯಿಯ ಹಳೆಯ ಆಳು ಯಾರು ಸತ್ತರೂ ತಾಯಿಯ ದಿನಚರಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹೋದ ವರ್ಷ ಮುದುಕ ಕಜೋನ ಹೆಣವನ್ನು ಅಲ್ಲೇ ಇಳಿಸಿಕೊಂಡು, 'ನಂಬಿಕಸ್ಥ ಆಳು' ಎಂಬ ಪುಟವನ್ನು ಓದಿದ್ದಳು. ಬೆನ್ನ ಮೇಲೆ ಕಡೆಯವರೆಗೂ ಚಾಟಿಯೇಟಿನ ಕಲೆ ಹೊತ್ತಿದ್ದ ಕಜೋ. ಎಲ್ಲರೂ ನೆಲ ನೋಡುತ್ತ ನಿಂತಿದ್ದರು.

ಆ ದಿನ ದೋಣಿಯಲ್ಲಿ ಹಿಂತಿರುಗುವಾಗ ಬೈನಾ ಮಗಳ ಮೊಣಕೈ ಹಿಡಿದಿದ್ದಳು. "ನನ್ನ ಹೆಣದ ಪೆಟ್ಟಿಗೆ ಮುಂದೆ ಆ ಮಾತು ಬರಬಾರದು. ನಾನು ಅವರ ಮನೆ ಬಿಟ್ಟು ಬಂದೋಳು. ಬಿಟ್ಟು ಬಂದ್ಲು ಅಂತಲೇ ಹೇಳ್ಬೇಕು. ಮಾತು ಕೊಡು."

ಕೆಜಾಯಾ ಮಾತು ಕೊಟ್ಟಿದ್ದಳು.

*

ಮರುದಿನ ಎರಡು ದೋಣಿಗಳು ನದಿ ದಾಟಿದವು. ಪೆಟ್ಟಿಗೆಯನ್ನು ಆರು ಜನ ಹೊತ್ತರು. ಇಸ್ತ್ರಿಯನ್ನು ಕೆಜಾಯಾ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ತೋಟದ ಬಾಗಿಲಲ್ಲಿ, ಅಂದುಕೊಂಡಂತೆಯೇ, ಲವೀನಿಯಾ ಕಪ್ಪು ಉಡುಪಿನಲ್ಲಿ ನಿಂತಿದ್ದಳು. ಕೈಯಲ್ಲಿ ದಿನಚರಿ.

"ಬಂದ್ರಾ? ಬೈನಾ ನನ್ನ ತೊಟ್ಟಿಲು ತೂಗಿದೋಳು" ಎಂದಳು. ಅವಳ ಕಣ್ಣು ನಿಜವಾಗಿಯೂ ಕೆಂಪಾಗಿತ್ತು. "ಅಮ್ಮ ಇವಳ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾಳೆ ಗೊತ್ತಾ? ಪೆಟ್ಟಿಗೆ ಇಳಿಸಿ, ಓದ್ತೀನಿ."

"ಬೇಡ ಚಿಕ್ಕಮ್ಮೋರೇ" ಎಂದಳು ಕೆಜಾಯಾ.

"ಯಾಕೆ ಬೇಡ? ಒಳ್ಳೇ ಮಾತೇ ಇದೆ."

ಚರ್ಚಿನ ಸಭೆಯ ಹಿರಿಯ ಇಸ್ರೇಲ್ ಪೆಟ್ಟಿಗೆಯ ಭಾರಕ್ಕೆ ವಾಲಿದ್ದ. ಪಿಸುಗುಟ್ಟಿದ: "ಓದ್ಕೊಳ್ಲಿ ಬಿಡವ್ವ. ಬಾಗಿಲು ಅವರದು, ಭುಜ ನಮ್ಮದು. ಬಿಸಿಲು ಏರ್ತಾ ಇದೆ."

"ನಿನ್ನ ಭುಜಕ್ಕೋಸ್ಕರ ನನ್ನ ತಂಗಿ ಆಳಾಗಿ ಹೋಗ್ಬೇಕಾ?" ಎಂದಳು ಟೈರಾ, ಪಿಸುಗುಟ್ಟದೆ.

ಅಷ್ಟರಲ್ಲಿ ಲವೀನಿಯಾ ರಿಬ್ಬನ್ ಇಟ್ಟ ಪುಟ ತೆರೆದಾಗಿತ್ತು. ಪುಟದ ನಡುವೆ ಮಡಿಸಿಟ್ಟ ಒಂದು ಕಾಗದ. "ಇದು ಅಪ್ಪ ದಂಡಿನಿಂದ ಬರೆದದ್ದು, ಹದಿನೆಂಟುನೂರ ಅರವತ್ಮೂರರ ಜನವರಿ" ಎಂದು ಓದತೊಡಗಿದಳು.

'ಗುಲಾಮರ ಬಿಡುಗಡೆಯ ಘೋಷಣೆಯ ಸುದ್ದಿಗೆ ಗಾಬರಿಯಾಗಬೇಡ. ಬೇರೆಯವರ ಆಳುಗಳು ಓಡಬಹುದು, ನಮ್ಮವರು ಓಡುವುದಿಲ್ಲ. ಬೇಕಾದರೆ ಬೈನಾಳನ್ನೇ ಕೇಳು.'

ಕಾಗದ ಮಡಿಸಿ ದಿನಚರಿಗೆ ಬಂದಳು. 'ಇಂದು ಕೇಳಿದೆ. ಇಸ್ತ್ರಿ ಮಾಡುತ್ತಿದ್ದಳು. "ನಾನೆಲ್ಲಿಗೆ ಹೋಗಲಿ ಅಮ್ಮಾ" ಎಂದಳು. ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು. ಇಂಥ ನಂಬಿಕಸ್ಥಳನ್ನು ಯಾವ ಘೋಷಣೆ ನಮ್ಮಿಂದ ಬಿಡಿಸೀತು?'

ಲವೀನಿಯಾ ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡಳು. ಹೊತ್ತವರು ಕಾಲು ಬದಲಾಯಿಸಿದರು.

"ಮುಂದಿನ ಪುಟಾನೂ ಓದಿ" ಎಂದಳು ಕೆಜಾಯಾ.

"ಮುಂದೆ ನಾನು ನೋಡಿಲ್ಲ. ಅಮ್ಮ ರಿಬ್ಬನ್ ಇಟ್ಟಿದ್ದು ಇಲ್ಲಿಗೇ."

"ಅವರು ಇಟ್ಟಿದ್ದು ಅಲ್ಲಿಗೆ. ನಮ್ಮವ್ವ ನಡೆದದ್ದು ಮುಂದಕ್ಕೆ. ಜೂನ್ ತಿಂಗಳು ತೆಗೀರಿ."

"ಜೂನಲ್ಲಿ ಉತ್ತರದ ದಂಡಿನೋರು ಬಂದು ಇವಳನ್ನ ಹಿಡ್ಕೊಂಡು ಹೋದ್ರು. ನನಗೆ ಅಷ್ಟು ಗೊತ್ತು."

ಟೈರಾ ಕೋಲನ್ನು ನೆಲಕ್ಕೆ ಕುಟ್ಟಿದಳು. "ಹಿಡ್ಕೊಂಡು ಹೋದ್ರಂತೆ. ಅಲ್ಲಮ್ಮ, ಹಡಗಿನೋರು ಸಾಕು, ಜಾಗ ಇಲ್ಲ, ಇಳೀರಿ ಅಂತ ಬಡ್ಕೊಂಡ್ರೂ ಇವಳು ಹಗ್ಗ ಬಿಡಲಿಲ್ಲ."

*

ಜನವರಿಯ ಆ ಕಣ್ಣೀರು ಹಸಿ ಸೌದೆಯ ಹೊಗೆಯದು. ಬೈನಾ ಈ ಮಾತನ್ನು ನೂರು ಸಲ ಹೇಳಿದ್ದಳು.

ಜೂನ್‌ನಲ್ಲಿ ಹಡಗುಗಳು ನದಿ ಹತ್ತಿ ಬಂದು ಕೂಗಿದಾಗಲೂ ಅವಳು ಇಸ್ತ್ರಿ ಮಾಡುತ್ತಲೇ ಇದ್ದಳು. ಗದ್ದೆಯ ಹೆಂಗಸರು ಕೆಸರುಗಾಲಲ್ಲೇ ದಡಕ್ಕೆ ಓಡುತ್ತಿದ್ದರು. ಬೈನಾ ಐದು ವರ್ಷದ ಕೆಜಾಯಾಳನ್ನು ಸೊಂಟಕ್ಕೇರಿಸಿದಳು. ಇಸ್ತ್ರಿಯನ್ನು ಹಿಮ್ಮಡಿಯ ಮೇಲೆ ನಿಲ್ಲಿಸಿದಳು. ನಿಲ್ಲಿಸಿದ್ದನ್ನು ಒಂದು ಗಳಿಗೆ ನೋಡಿ ಮತ್ತೆ ಎತ್ತಿಕೊಂಡಳು.

ಲವೀನಿಯಾಳ ತಾಯಿ, ಅಮ್ಮೋರು, ಜಗುಲಿಯ ಮೆಟ್ಟಿಲಿಗೆ ಅಡ್ಡ ನಿಂತಿದ್ದರು. "ಬೈನಾ, ಎಲ್ಲಿಗೆ?"

"ಇಸ್ತ್ರಿ ಬಿಸಿ ಇದೆ ಅಮ್ಮಾ. ದಾರಿ ಬಿಡಿ."

ಅಮ್ಮೋರು ದಾರಿ ಬಿಟ್ಟರು. ಬೈನಾಳ ಉಡುಪಿನ ಮಡಿಕೆಯೊಳಗಿನ ಇಸ್ತ್ರಿಯ ಬಿಸಿ ಕೆಜಾಯಾಳ ಮಂಡಿಗೆ ದಡದವರೆಗೂ ತಾಗುತ್ತಿತ್ತು.

*

ದ್ವೀಪದ ಶಾಲೆಯಲ್ಲಿ ಓದು ಕಲಿತಿದ್ದ ಕೆಜಾಯಾ ಕೈ ಚಾಚಿದಳು. ಲವೀನಿಯಾ ಎರಡು ಗಳಿಗೆ ತಡೆದು, ಪುಸ್ತಕ ಕೊಟ್ಟಳು. ಬಹುಶಃ ಕೊಡದಿದ್ದರೆ ಏನೋ ಒಪ್ಪಿಕೊಂಡಂತೆ ಆಗುತ್ತದೆ ಎನಿಸಿರಬೇಕು. ಪುಟಗಳು ಒಂದಕ್ಕೊಂದು ಅಂಟಿದ್ದವು. ಕೆಜಾಯಾ ಉಗುರಿನಿಂದ ಬಿಡಿಸಿ, ಹಿಂದಿನವರಿಗೂ ಕೇಳುವಂತೆ ಓದಿದಳು.

'ಬೈನಾ ಹೋದಳು. ಯಾರೂ ಎಳೆಯಲಿಲ್ಲ, ತಾನೇ ಹೋದಳು. ಕಣಜ ಸುಟ್ಟರು, ಅದು ಯುದ್ಧ, ಸಹಿಸಬಹುದು. ಆದರೆ ಇವಳು ನನ್ನ ತಂದೆಯ ಇಸ್ತ್ರಿಯನ್ನು ಕೊಂಡೊಯ್ದಳು! ಭಾನುವಾರ ಧರ್ಮಗುರುಗಳು ಊಟಕ್ಕೆ ಬರುತ್ತಾರೆ, ಮೇಜಿನ ಬಟ್ಟೆ ಮುದುಡಿಕೊಂಡು ಬಿದ್ದಿದೆ.'

ಹಿಂದೆ ಯಾರೋ ನಕ್ಕು ಕೆಮ್ಮಿದರು. ಕೆಜಾಯಾ ಪುಟ ತಿರುವಿದಳು.

'ನಾಲ್ಕು ದಿನವಾಯಿತು, ತಲೆ ಬಾಚಿಲ್ಲ. ಅಂದು ಅವಳು "ನಾನೆಲ್ಲಿಗೆ ಹೋಗಲಿ" ಎಂದು ಕೇಳಿದ್ದು ಪ್ರಶ್ನೆ. ನಾನು ಅದನ್ನು ಉತ್ತರವೆಂದು ತಿಳಿದೆ. ಇವರಿಗೆ ಪತ್ರ ಬರೆಯಬೇಕು. ಏನೆಂದು ಬರೆಯಲಿ?'

ಅಲ್ಲಿಂದ ಮುಂದೆ ಪುಟ ಖಾಲಿ. ಕೆಜಾಯಾ ರಿಬ್ಬನ್ನನ್ನು ಹಳೆಯ ಜಾಗದಿಂದ ತೆಗೆದು ಈ ಪುಟದಲ್ಲಿಟ್ಟು, ಪುಸ್ತಕ ಹಿಂತಿರುಗಿಸಿದಳು.

"ಬಿಟ್ಟು ಹೋದ್ಲು" ಎಂದಳು. "ನಿಮ್ಮಮ್ಮನೇ ಬರೆದಿದ್ದಾರೆ."

ಲವೀನಿಯಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ನನಗೆ ಒಬ್ಬರೂ ಹೇಳ್ಲಿಲ್ಲ" ಎಂದದ್ದು ಯಾರಿಗೆಂದು ತಿಳಿಯಲಿಲ್ಲ.

"ನೀವು ಕೇಳಿದ್ರೆ ತಾನೆ" ಎಂದಳು ಟೈರಾ, ನಡೆಯುತ್ತಲೇ.

*

ಮಣ್ಣು ಮುಚ್ಚಿದ ಮೇಲೆ ಇಸ್ತ್ರಿಯ ಸರದಿ ಬಂತು. ಇಸ್ರೇಲ್ ಅದನ್ನು ಓಕ್ ಮರದ ಬೇರಿನ ಮೇಲಿಟ್ಟು ಕೊಡಲಿಯ ಬೆನ್ನಿನಿಂದ ಬಡಿದ. ಇಸ್ತ್ರಿ ಹಾರಿ ಹುಲ್ಲಿಗೆ ಬಿತ್ತು. ಎತ್ತಿ ತಂದು ಮತ್ತೆ ಬಡಿದ. ಸಣ್ಣ ಗೀರೂ ಬೀಳಲಿಲ್ಲ.

"ಸ್ವಲ್ಪ ಜೋರಾಗಿ ಹೊಡೀ. ಗಂಜಿ ಕುಡಿದು ಬಂದಿದ್ದೀಯಾ?"

"ನೀನೇ ಬಾ ಟೈರಾ. ನಿನ್ನ ನಾಲಗೇಲಿ ಹೊಡಿ, ಒಡೀಬಹುದು."

ಮೂರನೆಯ ಏಟಿಗೆ ಕೊಡಲಿಯ ಕಾವು ಎರಡು ತುಂಡಾಯಿತು. ಇಸ್ತ್ರಿ ಹಾಗೇ ಇತ್ತು.

ಟೈರಾ ನಿಟ್ಟುಸಿರು ಬಿಟ್ಟಳು. "ಒಡೀಬೇಕಾಗಿತ್ತು, ಒಂದು ಒಡೀತು. ಸಾಕು. ಅವಳ ಹಟ ಯಾವತ್ತು ನಾವು ಗೆದ್ದಿದ್ವಿ?"

ತುಂಡಾದ ಕಾವನ್ನು ಗೋರಿಯ ಕಾಲ ಬಳಿ ಇಟ್ಟರು. ಕೆಜಾಯಾ ಇಸ್ತ್ರಿಯನ್ನು ತಲೆಯ ಬಳಿ, ಹಸಿ ಮಣ್ಣಿನಲ್ಲಿ, ಹಿಮ್ಮಡಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು.

ಕೊನೆಯಲ್ಲಿ ನಿಂತಿದ್ದ ಲವೀನಿಯಾ ಮುಂದೆ ಬಂದು ಬಗ್ಗಿದಳು. ಇಸ್ತ್ರಿಯನ್ನು ಮರಳಿ ಕೇಳಿಬಿಡುತ್ತಾಳೇನೋ ಎಂದು ಕೆಜಾಯಾ ಒಂದು ಹೆಜ್ಜೆ ಮುಂದಿಟ್ಟಳು. ಲವೀನಿಯಾ ಬೆರಳ ತುದಿಯನ್ನು ಕಬ್ಬಿಣಕ್ಕೆ ತಾಗಿಸಿ, ಬಿಸಿ ಇದ್ದೀತೆಂಬಂತೆ, ಥಟ್ಟನೆ ಹಿಂದಕ್ಕೆ ತೆಗೆದುಕೊಂಡಳು. ಏನೂ ಕೇಳಲಿಲ್ಲ.

ಇಸ್ರೇಲ್‌ನ ಅಂಗೈಯಲ್ಲಿ ರಕ್ತ ಬರುತ್ತಿತ್ತು. ಪ್ರಾರ್ಥನೆಯನ್ನು ನೀನೇ ಮಾಡು ಎಂದು ಟೈರಾಳಿಗೆ ಸನ್ನೆ ಮಾಡಿದ. ಅವಳು ಕೋಲಿನ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿದಳು.

"ಕರ್ತನೇ, ನನ್ನ ತಂಗಿ ಬಂದಿದ್ದಾಳೆ. ಎಲ್ಲಿಗೆ ಹೋಗಲಿ ಅಂತ ಒಂದ್ಸಲ ಕೇಳಿದೋಳು, ಅವಳಿಗೆ ಜಾಗ ತೋರಿಸು. ನಿನ್ನ ಮನೇಲಿ ಎಲ್ಲರೂ ಬಿಳೀ ನಿಲುವಂಗಿ ಹಾಕ್ತಾರಂತೆ. ಅದಕ್ಕೆ ಇಸ್ತ್ರಿ ಬೇರೆ ಯಾರಾದ್ರೂ ಮಾಡ್ಲಿ ತಂದೆ. ಇವಳನ್ನ ಕೂರಿಸು, ಕಾಲಿಗೊಂದು ಮಣೆ ಕೊಡು, ನೆಮ್ಮದಿ ಕೊಡು. ಆಮೆನ್."