ಹದಿನಾಲ್ಕು ಕೆಂಪು ತೋಟಗಳು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ತುಂಬುವ ವರದಿಯಲ್ಲಿ ನಲವತ್ತೆಂಟು ಕಾಲಮ್‌ಗಳಿದ್ದರೂ ತಪ್ಪು ಯಾರದು ಎಂದು ಬರೆಯಲು ಒಂದು ಕಾಲಮ್ ಇಲ್ಲ.

ನಾನು ಸೀನಿಯಾ. ತುರಿಯಾಲ್ಬಾದ ಕಾಫಿ ಬೆಳೆಗಾರರ ಸಹಕಾರ ಸಂಘದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತೆ. ನಮ್ಮದು ಆರುನೂರು ಮನೆಗಳ ಸಂಘ. ಹಣ್ಣು ತೂಕ ಹಾಕುವುದೊಂದನ್ನು ಬಿಟ್ಟು ಉಳಿದೆಲ್ಲ ನನ್ನ ಮೇಜಿಗೇ ಬರುತ್ತದೆ. ಡಿಸೆಂಬರ್‌ನಲ್ಲಿ ಸದಸ್ಯರಿಗೆ ಹಂಚುವ ಗೋಡೆ ಕ್ಯಾಲೆಂಡರ್ ಅಚ್ಚು ಹಾಕಿಸುವುದೂ ನಾನೇ. ಅದರಲ್ಲಿ ಸಂತರ ಹಬ್ಬ ಒಂದೆರಡು ದಿನ ಹಿಂದೆ ಮುಂದೆ ಆದರೆ ನಮ್ಮವರು ಕ್ಷಮಿಸುತ್ತಾರೆ. ಹುಣ್ಣಿಮೆ ಅಮಾವಾಸ್ಯೆ ತಪ್ಪಿತೋ, ಆಫೀಸಿಗೇ ಬಂದು ಬೈಯುತ್ತಾರೆ. ಮರಕ್ಕೆ ಕತ್ತಿ ಹಾಕುವುದು, ಬೇಲಿಗೂಟ ನೆಡುವುದು, ಹೆಣ್ಣುಮಕ್ಕಳ ಕೂದಲು ಕತ್ತರಿಸುವುದು, ಎಲ್ಲವೂ ಇಲ್ಲಿ ಚಂದ್ರನನ್ನು ಕೇಳಿಯೇ ನಡೆಯುವುದು.

ಹೋದ ವರ್ಷ ಈ ಮೇಜಿಗೆ ಹೊಸದೊಂದು ಬಂದು ಕೂತಿತು: ಹವಾಮಾನ ವರದಿ. ನಮ್ಮ ಕಾಫಿಯ ಬಹುಪಾಲು ಕೊಳ್ಳುವುದು ಉತ್ತರ ಜರ್ಮನಿಯ ಒಂದು ಕಂಪನಿ. ತಾವು ಭೂಮಿಗೆ ಎಷ್ಟು ಹಾನಿ ಮಾಡಿದೆವು ಎಂದು ಅವರು ಪ್ರತಿ ವರ್ಷ ತಮ್ಮ ಸರ್ಕಾರಕ್ಕೆ, ಬ್ಯಾಂಕಿಗೆ, ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಂತೆ. ಅವರು ಒಪ್ಪಿಸಬೇಕಾದರೆ ನಾವು ಅವರಿಗೆ ಒಪ್ಪಿಸಬೇಕು. ಪ್ರತಿ ತೋಟದ ಎಲ್ಲೆ, ಗೊಬ್ಬರ, ಡೀಸೆಲ್, ಕೊನೆಗೆ ಮರಗಳು. ಮರಗಳ ಬಗ್ಗೆ ಮಾತ್ರ ಅವರು ನಮ್ಮನ್ನು ಕೇಳುವುದಿಲ್ಲ. ಆಕಾಶದಿಂದ ಉಪಗ್ರಹ ತೆಗೆದ ಫೋಟೋವನ್ನು 2020ರ ಫೋಟೋದ ಪಕ್ಕ ಇಟ್ಟು ನೋಡುತ್ತಾರೆ. ಮರ ಹಾಗೇ ಇದ್ದರೆ ತೋಟಕ್ಕೆ ಹಸಿರು ಬಣ್ಣ, ಕಡಿಮೆಯಾಗಿದ್ದರೆ ಕೆಂಪು. ಪಟ್ಟಿಯಲ್ಲಿ ಒಂದೇ ಒಂದು ಕೆಂಪು ಇದ್ದರೂ ಮುಂದಿನ ಸುಗ್ಗಿಯ ಒಪ್ಪಂದಕ್ಕೆ ಸಹಿ ಬೀಳುವುದಿಲ್ಲ.

ನಾನು ನವೆಂಬರ್ ಸಭೆಯಲ್ಲಿ ಎದ್ದು ನಿಂತು, ದೊಡ್ಡ ಮನುಷ್ಯಳಂತೆ ಹೇಳಿದೆ: "ಜನವರಿಯಲ್ಲಿ ಮೇಲಿಂದ ಫೋಟೋ ತೆಗೀತಾರೆ. ನಮ್ಮ ಮೋಡದಲ್ಲಿ ಬೇರೆ ತಿಂಗಳು ಏನೂ ಕಾಣಲ್ವಂತೆ. ದಯವಿಟ್ಟು ಎಲ್ರೂ ತೋಟ ಚೆನ್ನಾಗಿ ಇಟ್ಕೊಳ್ಳಿ."

ಇಷ್ಟೇ ನಾನು ಮಾಡಿದ್ದು. ಚೆನ್ನಾಗಿ ಇಟ್ಟುಕೊಳ್ಳಿ!

ನಮ್ಮ ಕಡೆ ಕಾಫಿಗೆ ನೆರಳು ಕೊಡುವುದು ಪೊರೊ ಮರ, ಹಾಲುವಾಣದ ಜಾತಿಯದು. ವರ್ಷಕ್ಕೆರಡು ಸಲ ಅದಕ್ಕೆ ಮರಗಸಿ ಮಾಡುತ್ತೇವೆ. ಒಂದೆರಡು ಕೊಂಬೆ ಸವರುವುದಲ್ಲ, ಆಳೆತ್ತರದಲ್ಲಿ ಪೂರ್ತಿ ಬೋಳಿಸಿಬಿಡುತ್ತೇವೆ. ಸೊಪ್ಪು ಬಿದ್ದು ಗಿಡಕ್ಕೆ ಗೊಬ್ಬರವಾಗುತ್ತದೆ, ಬಿಸಿಲು ಬಿದ್ದು ಹೂವು ಕಟ್ಟುತ್ತದೆ. ಎರಡು ತಿಂಗಳಲ್ಲಿ ಮರ ಮತ್ತೆ ತಲೆತುಂಬ ಚಿಗುರಿ ನಿಲ್ಲುತ್ತದೆ. ಮರಗಸಿ ಮಾಡದ ತೋಟವನ್ನು ಕಂಡರೆ ಇಲ್ಲಿಯವರು "ಯಾರೋ ಸೋಮಾರಿದು" ಎಂದು ಮುಖ ತಿರುಗಿಸುತ್ತಾರೆ. ನೆಂಟರು ಬರುವ ಮನೆಯ ಅಂಗಳ ಗುಡಿಸುವ ಹಾಗೆ ಲಾ ಪಿಯೆದ್ರಾ ಗುಡ್ಡದ ಹದಿನಾಲ್ಕು ಮನೆಯವರು, ಮಾರ್ಚ್‌ವರೆಗೆ ನಿಧಾನವಾಗಿ ಮಾಡುತ್ತಿದ್ದ ಕೆಲಸವನ್ನು ಜನವರಿಯ ಕೃಷ್ಣಪಕ್ಷದ ಒಂದೇ ವಾರದಲ್ಲಿ ಮುಗಿಸಿದರು. ಒಬ್ಬರ ತೋಟಕ್ಕೆ ಒಬ್ಬರು ಆಳಾಗಿ ಹೋಗಿ, ಮರವೊಂದನ್ನೂ ಬಿಡದೆ ಬೋಳಿಸಿದರು. ಉಳಿದ ಸದಸ್ಯರು ಎಂದಿನಂತೆ ನಿಧಾನ ಮಾಡಿದರು. ಮರುವಾರ ಆಕಾಶ ತಿಳಿಯಾಯಿತು, ಫೋಟೋ ಆಯಿತು.

2020ರ ಫೋಟೋ ಜೂನ್ ತಿಂಗಳಿನದು, ಆ ವರ್ಷ ಅದೊಂದು ದಿನ ಹೇಗೋ ಮೋಡ ಸರಿದಿತ್ತಂತೆ. ಆಗ ಮರಗಳೆಲ್ಲ ಸೊಪ್ಪು ಹೊತ್ತು ನಿಂತಿದ್ದವು.

ಫೆಬ್ರವರಿಯ ಮೊದಲ ಸೋಮವಾರ ನಕ್ಷೆ ಬಂತು. ಉಳಿದ ತೋಟಗಳೆಲ್ಲ ಹಸಿರಾಗಿದ್ದು, ಗುಡ್ಡದ ಮೇಲೆ ಮಾತ್ರ ರಕ್ತ ಚೆಲ್ಲಿದ ಹಾಗೆ ಹದಿನಾಲ್ಕು ಕೆಂಪು. ಕೆಳಗೆ ರಸ್ತೆ ಪಕ್ಕದ ದೊಡ್ಡ ತೋಟ ಹಚ್ಚ ಹಸಿರು. ಅದರ ಮಾಲೀಕ 2018ರಲ್ಲೇ ನೆರಳು ಮರಗಳನ್ನೆಲ್ಲ ಬುಡಸಮೇತ ಕೀಳಿಸಿ ಬಯಲು ಮಾಡಿದ್ದ. 2020ರಲ್ಲಿ ಮರ ಇರಲಿಲ್ಲ, ಈಗಲೂ ಇಲ್ಲ, ಹಾಗಾಗಿ ಏನೂ ಕಡಿಮೆಯಾಗಿಲ್ಲ. ನಕ್ಷೆ ನೋಡಿ ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು.

ನಮ್ಮ ಮ್ಯಾನೇಜರ್ ದನೀಲೊ ಕೆಟ್ಟವನಲ್ಲ. ಮೂರು ರಾತ್ರಿ ನಿದ್ದೆಗೆಟ್ಟವನ ಮುಖ ಮಾಡಿಕೊಂಡು ನನ್ನ ಮೇಜಿನ ತುದಿಗೆ ಕೂತ.

"ಶುಕ್ರವಾರ ವರದಿ ಕಳಿಸ್ಬೇಕು ಸೀನಿಯಾ. ಆ ಹದಿನಾಲ್ಕು ಹೆಸರು ಈ ವರ್ಷಕ್ಕೆ ಪಟ್ಟಿಯಿಂದ ತೆಗೆದ್ಬಿಡಿ."

"ತೆಗೆದ್ರೆ ಅವರ ಹಣ್ಣು ಯಾರು ತಗೋತಾರೆ?"

"ಖಾಸಗಿ ಮಿಲ್ಲಿನವರು ತಗೋತಾರೆ."

"ಯಾವ ಬೆಲೆಗೆ ತಗೋತಾರೆ ಅಂತ ನಿಮಗೂ ಗೊತ್ತು."

"ಸೇರಿಸಿದ್ರೆ ಆರುನೂರು ಮನೆಯವರೂ ಅದೇ ಬೆಲೆಗೆ ಕೊಡ್ಬೇಕಾಗುತ್ತೆ. ನನ್ನನ್ನ ಹೀಗೆ ನೋಡ್ಬೇಡಿ. ನಾನೇನು ಮರ ಕಡಿದ್ನಾ?"

"ಅವರೂ ಕಡಿದಿಲ್ಲ ದನೀಲೊ. ಅವು ಬೋಳಾಗಿರೋ ಮರ, ಸತ್ತಿರೋ ಮರ ಅಲ್ಲ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಮೇಲಿರೋ ಆ ಡಬ್ಬಕ್ಕೆ ಹೇಳೋರು ಯಾರು?"

ಅವನು ಎದ್ದು ಹೋದ ಮೇಲೆ ಪಟ್ಟಿ ತೆರೆದು ಕೂತೆ. ಒಂಬತ್ತನೆಯ ಹೆಸರು ಎಲಾದಿಯೊ ಉಮಾನ್ಯಾ. ಎಪ್ಪತ್ತಮೂರು ವರ್ಷ, ಮೂರು ಎಕರೆಗೂ ಕಡಿಮೆ ತೋಟ. ಈ ಸಂಘ ಹುಟ್ಟಿದಾಗ ಸಹಿ ಹಾಕಿದ ಹನ್ನೊಂದು ಜನರಲ್ಲಿ ಅವರ ಅಪ್ಪನೂ ಒಬ್ಬರು. ಹೆಸರಿನ ಮೇಲೆ ಬೆರಳಿಟ್ಟು ಅಳಿಸುವ ಕೀಲಿ ಒತ್ತಲು ಹೋದೆ, ಕೈ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಬೂಟು ಹಾಕಿಕೊಂಡು ಗುಡ್ಡ ಹತ್ತಿದೆ.

ದೋನ್ ಎಲಾದಿಯೊ (ಹಿರಿಯರನ್ನು ನಾವು ದೋನ್ ಎಂದೇ ಕರೆಯುವುದು) ಗೇಟಿನಲ್ಲೇ ಸಿಕ್ಕರು. ತೋಟದ ಕಡೆ ಕೈ ಬೀಸಿ, "ನೋಡು ಮಗಳೇ, ಹೇಗಿದೆ? ಆ ಫೋಟೋದವರು ಏನಂದ್ರು? ಚೆನ್ನಾಗಿ ಬಂತಂತಾ?" ಎಂದರು. ಮುಖದ ತುಂಬ ಖುಷಿ.

ಹೇಳುವುದು ಹೇಗೆ? ಅವರ ಹೆಂಡತಿ ಬೆಲ್ಲದ ನೀರು ತಂದುಕೊಟ್ಟರು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ.

ಅವರು ಕೆಳಗಿನ ರಸ್ತೆಯ ಕಡೆ ನೋಡಿದರು. "ಅಂದ್ರೆ, ಕೆಳಗಿನ ತೋಟದವನದ್ದು ಹಸಿರು."

"ಹೌದು."

"ಬುಡಸಮೇತ ಕಿತ್ತವನದ್ದು."

"ಹೌದು ದೋನ್ ಎಲಾದಿಯೊ."

"ಮರ ಇಟ್ಕೊಂಡು ತಲೆ ಬಾಚಿದ್ದಕ್ಕೆ ನಾನು ಕಳ್ಳ." ಅವರು ಎದ್ದರು. "ಬಾ ಇಲ್ಲಿ. ಫೋಟೋ ಅಂತೆ. ನಾನು ತೋರಿಸ್ತೀನಿ ಬಾ."

ನನ್ನ ಕೈ ಹಿಡಿದು ಎಳೆದುಕೊಂಡೇ ಹೋಗಿ ಒಂದು ದಪ್ಪ ಬೋಳು ಮರದ ಮುಂದೆ ನಿಲ್ಲಿಸಿದರು. ಕತ್ತಿಯ ಗಾಯಗಳೆಲ್ಲ ಒಂದರ ಮೇಲೊಂದು ಮಾಗಿ ತಲೆ ಗಂಟು ಗಂಟಾಗಿತ್ತು. ಆ ಗಂಟುಗಳ ಸಂದಿನಿಂದ ಗೇಣುದ್ದದ ಹಸಿ ಚಿಗುರುಗಳು ಹೊರಟಿದ್ದವು.

"ಇದನ್ನ ನೆಟ್ಟಿದ್ದು ನಮ್ಮಪ್ಪ. ಕತ್ತರಿಸಿ ಇನ್ನೂ ತಿಂಗಳಾಗಿಲ್ಲ. ಸತ್ತ ಮರ ಚಿಗುರುತ್ತಾ? ಕೇಳು ಅವರನ್ನ, ಚಿಗುರುತ್ತಾ?"

ಅವರು ಸಿಟ್ಟಿನಲ್ಲಿ ಕೇಳಿದ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ವರದಿಯ ನಲವತ್ತೊಂದನೆಯ ಕಾಲಮ್ಮಿನ ಹೆಸರು 'ಬದಲಾವಣೆಗೆ ವಿವರಣೆ'. ಅದನ್ನು ಯಾರೂ ತುಂಬುವುದಿಲ್ಲ, ನಾನೂ 'ಇಲ್ಲ' ಎಂದು ಬರೆದು ಮುಂದೆ ಹೋಗಿದ್ದೆ. ಆವತ್ತಿನಿಂದ ಮೂರು ದಿನ ಹದಿನಾಲ್ಕು ತೋಟ ಸುತ್ತಿದೆ. ಪ್ರತಿ ತೋಟದಲ್ಲೂ ಇಪ್ಪತ್ತು ಮರ ಆರಿಸಿ, ಚಿಗುರಿನ ಪಕ್ಕ ಹೊಲಿಗೆಯ ಟೇಪು ಹಿಡಿದು, ತಾರೀಕು, ಜಾಗ ಎಲ್ಲ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಟೇಪು ಹಿಡಿದದ್ದು ಎಲಾದಿಯೊ. ಬೇಡವೆಂದರೂ ಹದಿನಾಲ್ಕು ತೋಟಕ್ಕೂ ಬಂದರು. ದಾರಿಯುದ್ದಕ್ಕೂ ನನ್ನನ್ನು ರೇಗಿಸಿದ್ದೇ ರೇಗಿಸಿದ್ದು.

"ಸಭೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ಯಲ್ಲ ಮಗಳೇ. ಮುಂದಿನ ಸಲ ಏನ್ ಹೇಳ್ತೀಯ? ತೋಟ ಕೊಳಕಾಗಿ ಇಟ್ಕೊಳ್ಳಿ ಅಂತೀಯಾ?"

"ಸಾಕು ಬಿಡಿ ದೋನ್ ಎಲಾದಿಯೊ, ನನಗೆ ಮೊದ್ಲೇ ನಾಚಿಕೆಯಾಗಿದೆ."

"ಆಗ್ಲಿ, ಸ್ವಲ್ಪ ಆಗ್ಲಿ."

ಶುಕ್ರವಾರ ಆ ಕಾಲಮ್ಮಿನಲ್ಲಿ ಬರೆದೆ: 'ಮರಗಳು ಜೀವಂತವಾಗಿವೆ. ಸಂಘದ ಸಿಬ್ಬಂದಿಯಾದ ನನ್ನ ಮಾತನ್ನು ನಂಬಿ ಬೆಳೆಗಾರರು ಫೋಟೋಗೆ ಮುಂಚೆ ಮರಗಸಿ ಮಾಡಿದರು. ತಪ್ಪು ನನ್ನದು.' ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ದನೀಲೊ ಅದನ್ನು ಎರಡು ಸಲ ಓದಿದ.

"ಇದು ಉಲ್ಟಾ ಹೊಡೆದ್ರೆ ಆರುನೂರು ಮನೆಯವರೂ ನಿಮ್ಮ ಬಾಗಿಲಿಗೆ ಬರ್ತಾರೆ. ನನ್ನ ಬಾಗಿಲಿಗೂ ಬರ್ತಾರೆ."

"ಬರ್ಲಿ. ಆ ಹದಿನಾಲ್ಕು ಜನ ಬರೋದಕ್ಕಿಂತ ಅದೇ ವಾಸಿ."

ಅವನು ತಲೆ ಕೆರೆದುಕೊಂಡು ಸಹಿ ಹಾಕಿದ. ಆ ಸಹಿಗೆ ನಾನು ಇವತ್ತಿಗೂ ಅವನಿಗೆ ಋಣಿ.

ಉತ್ತರ ಬರಲು ಐದು ವಾರ ಹಿಡಿಯಿತು. ಆ ಐದು ವಾರ ನಾನು ತಿಂದ ಅನ್ನ ಮೈಗೆ ಹತ್ತಲಿಲ್ಲ. ಕೊನೆಗೆ ಪತ್ರ ಬಂತು: ವಿವರಣೆಯನ್ನು ಒಪ್ಪಲಾಗಿದೆ, ಹದಿನಾಲ್ಕೂ ತೋಟಗಳು ಪಟ್ಟಿಯಲ್ಲಿ ಉಳಿಯುತ್ತವೆ. ದನೀಲೊ ನನ್ನನ್ನು ಅಪ್ಪಿಕೊಂಡು ಆಫೀಸಿನಲ್ಲೇ ಒಂದು ಸುತ್ತು ಕುಣಿಸಿದ. ಕುಣಿದು ಮುಗಿದ ಮೇಲೆ ಎರಡನೆಯ ಪುಟ ಓದಿದೆವು. ಕೈಯಲ್ಲಿ ತೆಗೆದ ಫೋಟೋಗಳನ್ನು ಇನ್ನು ಮುಂದೆ ಪರಿಗಣಿಸುವುದಿಲ್ಲವಂತೆ. ಆಕಾಶದ ಚಿತ್ರ ಯಾವ ದಿನ ತೆಗೆದರೂ 2020ರಲ್ಲಿ ಇದ್ದ ನೆರಳಿನ ಅರ್ಧದಷ್ಟಾದರೂ ಕಾಣಲೇಬೇಕಂತೆ.

ಸುದ್ದಿ ಕೇಳಿದ ಗುಡ್ಡದವರು ವಾದ ಮಾಡಲಿಲ್ಲ. ಜುಲೈ ಮರಗಸಿಯಲ್ಲಿ ಒಂದು ಸಾಲು ಬೋಳಿಸಿ ಪಕ್ಕದ ಸಾಲನ್ನು ಹಾಗೇ ಬಿಟ್ಟರು. ಬಿಟ್ಟ ಸಾಲಿನ ಕೆಳಗೆ ಮಳೆಗಾಲದ ಥಂಡಿ ಆರಲಿಲ್ಲ. ಕಾಫಿ ಎಲೆಗಳಿಗೆ ನಾವು ಹುಂಜದ ಕಣ್ಣು ಎನ್ನುವ ಚುಕ್ಕೆರೋಗ ಹತ್ತಿತು, ಕಾಯಿ ಉದುರಿತು. ಕೆಳಗಿನ ಬಯಲು ತೋಟದವನಿಗೆ ಮಾತ್ರ ಯಾವ ಷರತ್ತೂ ಇರಲಿಲ್ಲ. ಅಲ್ಲಿ ಲೆಕ್ಕ ಹಾಕಲು ನೆರಳೇ ಇಲ್ಲವಲ್ಲ. ರಸ್ತೆಯಲ್ಲಿ ಹೋಗುವವರು ಎಲಾದಿಯೊ ತೋಟದ ಮುಂದೆ ನಿಂತು, "ಏನ್ ದೋನ್ ಎಲಾದಿಯೊ, ಅರ್ಧ ಕ್ಷೌರ ಮಾಡಿ ಕ್ಷೌರಿಕ ಓಡಿಹೋದ್ನಾ?" ಎಂದು ಕೇಳುತ್ತಿದ್ದರಂತೆ. "ಆ ಸಾಲು ಫೋಟೋಗೆ, ಈ ಸಾಲು ಕಾಫಿಗೆ" ಎಂದು ಅವರು ಉತ್ತರ ಕೊಡುತ್ತಿದ್ದರಂತೆ. ಆ ಮಾತಿಗೆ ಊರೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಎಲಾದಿಯೊ ಬೆಳಗಿನ ಜಾವದಲ್ಲೇ ಎದ್ದು ಚುಕ್ಕೆ ಬಿದ್ದ ಎಲೆಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ತುಂಬುತ್ತಾರೆಂದು ಅವರ ಹೆಂಡತಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು.

ಡಿಸೆಂಬರ್ ಬಂತು. ಎಲ್ಲರಂತೆ ಎಲಾದಿಯೊ ಕೂಡ ಕ್ಯಾಲೆಂಡರ್ ತೆಗೆದುಕೊಳ್ಳಲು ಆಫೀಸಿಗೆ ಬಂದರು. ಬಾಳೆಲೆಯಲ್ಲಿ ಸುತ್ತಿದ ಚೀಸ್ ಮೇಜಿನ ಮೇಲಿಟ್ಟರು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ನಾನು ಹೊಸ ಕ್ಯಾಲೆಂಡರ್ ಕೊಟ್ಟೆ. ಅವರು ಜನವರಿ ಪುಟ ತೆಗೆದು, ಹುಣ್ಣಿಮೆಯ ಮೇಲೆ ಬೆರಳಿಟ್ಟು, ನಿಧಾನವಾಗಿ ಕೃಷ್ಣಪಕ್ಷದ ದಿನಗಳನ್ನು ದಾಟಿದರು. ಆಮೇಲೆ ಪುಟವನ್ನು ನನ್ನ ಕಡೆ ತಿರುಗಿಸಿ, ನನ್ನದೇ ಪೆನ್ನು ನನ್ನ ಕೈಗೆ ಕೊಟ್ಟರು.

"ನಿಂದು ಯಾವ ದಿನ, ಗುರ್ತು ಹಾಕು ಮಗಳೇ."

"ನಂದಾ?"

"ಅದೇ, ಫೋಟೋ ತೆಗೆಯೋ ದಿನ. ಅದು ದಾಟಿದ ಮೇಲೆ ಕತ್ತರಿಸ್ತೀನಿ. ಇಷ್ಟು ವರ್ಷ ಚಂದ್ರನ್ನ ಕೇಳಿ ಕತ್ತರಿಸ್ದೆ. ಇನ್ಮೇಲೆ ನಿನ್ನ ಕೇಳ್ತೀನಿ, ಅದಕ್ಕೇನಂತೆ."

ವ್ಯಂಗ್ಯವಿರಬಹುದೆಂದು ಮುಖ ನೋಡಿದೆ. ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಪೆನ್ನು ಹಿಡಿದು ಮೂವತ್ತೊಂದು ಚೌಕಗಳನ್ನೂ ನೋಡಿದೆ. ಉಪಗ್ರಹ ನಮ್ಮ ಮೇಲೆ ಯಾವಾಗ ಹಾಯುತ್ತದೋ, ಯಾವ ದಿನ ಮೋಡ ಸರಿಯುತ್ತದೋ, ಹತ್ತಾರು ಚಿತ್ರಗಳಲ್ಲಿ ಯಾವುದನ್ನು ಆರಿಸುತ್ತಾರೋ, ನನಗೆ ಯಾರೂ ಹೇಳಿರಲಿಲ್ಲ. ಕೇಳಿ ಎರಡು ಸಲ ಪತ್ರ ಬರೆದಿದ್ದೆ. ದಿನಾಂಕ ಮೊದಲೇ ತಿಳಿಸಿದರೆ ವರದಿಯ ವಿಶ್ವಾಸಾರ್ಹತೆಗೆ ಧಕ್ಕೆಯಾಗುತ್ತದೆ ಎಂದು ಉತ್ತರ ಬಂದಿತ್ತು.

"ನಂಗೊತ್ತಿಲ್ಲ ದೋನ್ ಎಲಾದಿಯೊ," ಎಂದೆ. ಪೆನ್ನು ಕೆಳಗಿಟ್ಟೆ. "ನನಗೂ ಹೇಳಲ್ಲ ಅವರು."

ಅವರು ತಲೆಯಾಡಿಸಿದರು. ಎದ್ದು ಟೋಪಿ ಹಾಕಿಕೊಂಡು, ಚೀಸ್ ಇವತ್ತೇ ತಿನ್ನಬೇಕು, ಇಟ್ಟರೆ ಹುಳಿಯಾಗುತ್ತದೆ ಎಂದರು. ಬಾಗಿಲ ಹತ್ತಿರ ಹೋಗುವಾಗ ಕ್ಯಾಲೆಂಡರ್ ಮರೆತಿದ್ದೀರಿ ಎಂದು ಕೂಗಿದೆ.

"ಇಲ್ಲೇ ಇರ್ಲಿ ಮಗಳೇ," ಎಂದರು ತಿರುಗದೆ. "ಚಂದ್ರನಾದ್ರೆ ಮೊದ್ಲೇ ಹೇಳ್ತಿದ್ದ."