ಹಳದಿಯಾಗಿ ಕಂಡದ್ದು

ಪುಟ್ಟಮಲ್ಲಪ್ಪನ ಹೆಣವನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸುವಾಗ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಡಾಕ್ಟರು ಗೋವಿಂದಯ್ಯ ಮುಂದೆ ಬಂದು ಗದ್ದ ಹಿಡಿದುಕೊಂಡರು. ಸತ್ತವನ ತಮ್ಮ ಚಿಕ್ಕಮಾದಪ್ಪ ಪಂಚೆಯ ಅಂಚು ಹರಿದು ಹಣೆಗೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ.

"ಮೂರ್ ತಿಂಗ್ಳಿಂದ ಮಲಗುದ್ರೆ ಉಸ್ರು ಕಟ್ಟೋದು, ಕುಂತ್ಕಂಡೇ ನಿದ್ದೆ ಮಾಡ್ತಿದ್ದ," ಅಂದ. "ಮಣ್ಗೂ ಕುಂತ್ಕಂಡೇ ಓಯ್ತಾವ್ನೆ ಸಾ, ನಮ್ಮಣ್ಣ."

ಐವತ್ತೆಂಟನೇ ಇಸವಿಯಿಂದ ಹನ್ನೊಂದು ವರ್ಷ ಪುಟ್ಟಮಲ್ಲಪ್ಪ ಡಾಕ್ಟರ ಕಾಂಪೌಂಡರ್. ಹೃದಯ ಸೋತು ಕಾಲು ಬಾತವರಿಗೆ ಉಪ್ಪು ಬಿಡಿಸುವುದು ಅವನ ಪಾಲಿನ ಕೆಲಸ. ಚೀಟಿಯಲ್ಲಿ ಬರೆದುಕೊಟ್ಟರೆ ಯಾರೂ ಕೇಳುತ್ತಿರಲಿಲ್ಲ. ಇವನು ದೂರದ ಹೂಗ್ಯಂವರೆಗೂ ಸೈಕಲ್ ತುಳಿದು, ಅಡುಗೆಮನೆಗೇ ನುಗ್ಗಿ ಸಾರಿನ ರುಚಿ ನೋಡಿ, ಬೈದು ಬರುತ್ತಿದ್ದ. ಕೊನೆಗೆ ಅದೇ ಕಾಯಿಲೆ ಅವನಿಗೂ ಬಂತು. ಡಾಕ್ಟರು ಡಿಜಾಕ್ಸಿನ್ ಗುಳಿಗೆ ಕೊಟ್ಟರು. ಬಾವು ಕೊಂಚ ಇಳಿಯಿತು.

*

ಹದಿನೈದು ದಿನದ ಹಿಂದೆ, ಸಂತೆಯ ದಿನ. ಡಿಸ್ಪೆನ್ಸರಿಯ ತುಂಬ ಜನ. ರಜೆಯಲ್ಲಿದ್ದ ಪುಟ್ಟಮಲ್ಲಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ.

"ಸಾ, ಊಟ ಸೇರ್ತಿಲ್ಲ. ಗ್ವಾಡೆ, ಜನ, ಎಲ್ಲಾ ಅಳದಿ ಕಾಣ್ತದೆ."

"ನಿನ್ನ ಮಗಳ ಮದುವೆ ಅರಿಶಿನ ಇನ್ನೂ ಕಣ್ಣಲ್ಲೇ ಇದೆ ಕಣಯ್ಯ," ಎಂದು ನಕ್ಕು ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ತಾವು ಕೊಟ್ಟ ಡಿಜಾಕ್ಸಿನ್ ಮೈಯಲ್ಲಿ ಹೆಚ್ಚಾದರೆ ಕಣ್ಣಿಗೆ ಹೀಗೆ ಕಾಣುತ್ತದೆಂದು ಕಾಲೇಜಿನಲ್ಲಿ ಓದಿದ್ದು ಅವರಿಗೆ ನೆನಪಾದದ್ದು ಇಂದು ಬೆಳಿಗ್ಗೆ, ಸಾವಿನ ಸುದ್ದಿ ಬಂದ ಮೇಲೆ.

*

ಬಿದಿರಿಗೆ ಕುರ್ಚಿ ಕಟ್ಟಿ, ಹೆಣವನ್ನು ಕೂರಿಸಿದ್ದಾಯಿತು. ಮುಂದಿನ ಬಲಹೆಗಲು ನಿಮ್ಮದು ಎಂದು ಚಿಕ್ಕಮಾದಪ್ಪ ಡಾಕ್ಟರಿಗೆ ಹೇಳಿದ. ಅವರು ಟವೆಲು ಮಡಿಸಿ ಹೆಗಲ ಮೇಲಿಟ್ಟುಕೊಂಡರು. ಆಗ ಪುಟ್ಟಮಲ್ಲಪ್ಪನ ಹೆಂಡತಿ ಚನ್ನಾಜಮ್ಮ ಬಂದು ಅವರ ಮುಂಗೈ ಹಿಡಿದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

"ಬುದ್ದಿ, ನಾನೇ ಕೊಂದ್ನಾ? ಎಲ್ಲಾ ಅಳದಿ ಕಾಣ್ತದೆ ಅಂದ್ರು. ಕಾಮಾಲೆ ಅಂತ ನೆಲನೆಲ್ಲಿ ಅರ್ದು ಮಜ್ಗೇಲಿ ಕೊಟ್ಟೆ. ಡಾಕ್ಟ್ರಿಗೆ ಏಳ್ಬ್ಯಾಡ, ಬೈತಾರೆ ಅಂದ್ರು."

ಇಲ್ಲವೆಂದು ಡಾಕ್ಟರು ತಲೆಯಾಡಿಸಿದರು. ಸಮಾಧಾನದ ಮಾತು ಬೇಡವೆಂದಳು ಅವಳು, ಕೈ ಬಿಡಲಿಲ್ಲ.

"ನಿಮ್ಮ ಸೊಪ್ಪಿನಿಂದಲ್ಲ ಚನ್ನಾಜಮ್ಮ. ನನ್ನ ಗುಳಿಗೆ ಹೆಚ್ಚಾಗಿತ್ತು. ಆವತ್ತೇ ನಿಲ್ಲಿಸಬೇಕಿತ್ತು. ಅವನು ಬಂದು ಹೇಳಿದ. ನಾನು ನಕ್ಕುಬಿಟ್ಟೆ."

"ನಿಮ್ಗೂ ಏಳಿದ್ರಾ?"

"ಹೇಳಿದ್ದ."

ಮುಂಗೈ ಮೇಲಿನ ಹಿಡಿತ ಸಡಿಲವಾಯಿತು. ಅವಳು ಅಲ್ಲೇ ಕುಸಿದು ಕುಳಿತು ಅಳತೊಡಗಿದಳು. ಪಕ್ಕದಲ್ಲೇ ನಿಂತಿದ್ದ ಚಿಕ್ಕಮಾದಪ್ಪ ಡಾಕ್ಟರ ಮುಖ ನೋಡಲಿಲ್ಲ. ಗುಂಪಿನ ಕಡೆ ತಿರುಗಿ, "ಬಾರ್ಲಾ ಜಡೇಸ್ವಾಮಿ, ಮುಂದ್ಗಡೆ ಬಲಗಡೆ ನೀನ್ ಇಡ್ಕೊ," ಅಂದ.

ನಾಲ್ಕು ಹೆಗಲುಗಳ ಮೇಲೆ ಕುರ್ಚಿ ಎದ್ದಿತು. ಕುಳಿತಂತೆಯೇ ಪುಟ್ಟಮಲ್ಲಪ್ಪ ಎಲ್ಲರ ತಲೆಗಳಿಗಿಂತ ಮೇಲೆ, ಕೊಂಚ ತೂಗುತ್ತ, ಬೀದಿಯ ತಿರುವಿನವರೆಗೂ ಕಾಣುತ್ತಿದ್ದ. ಅಂಗಳದಲ್ಲಿ ಡಾಕ್ಟರು ನಿಂತೇ ಇದ್ದರು, ಮಡಿಸಿದ ಟವೆಲು ಹೆಗಲ ಮೇಲೆ ಹಾಗೆಯೇ ಇತ್ತು.