ಅಣ್ಣ ಕೊಟ್ಟ ಹಸಿಮೇವು

ಅಜ್ಜೀಪುರದ ಶಿವರತ್ನಮ್ಮನ ಮುಸುಕಿನ ಜೋಳ ಮೊಣಕಾಲುದ್ದ ಬಂದಿತ್ತು, ಅಷ್ಟರಲ್ಲಿ ಸುಳಿ ಬೆಳ್ಳಗಾಯಿತು. ಒಂದೆರಡು ಗಿಡವಲ್ಲ, ಅರ್ಧ ಹೊಲ! ಮೂರು ಹಸುಗಳ ಮೇವು, ಮನೆಯ ವರ್ಷದ ಖರ್ಚು ಎಲ್ಲ ಅದರಲ್ಲೇ ಬರಬೇಕಿತ್ತು. ಬದುವಿನಾಚೆ ಅಣ್ಣ ಪುಟ್ಟಬಸಪ್ಪನ ಜೋಳ ಮಾತ್ರ ಕಣ್ಣು ಕುಕ್ಕುವಂತೆ ಹಸಿರಾಗಿತ್ತು.

ಕೃಷಿ ಇಲಾಖೆಯ ದಿವ್ಯ ಮೇಡಂ ಬಂದು ಒಂದು ಗಿಡ ಕಿತ್ತು, ಎಲೆಯಡಿಯ ಬೂಜು ತೋರಿಸಿದರು.

"ಬಿಳಿಸುಳಿ ರೋಗ ಕಣಮ್ಮ, ನಮ್ಮ ಕಡೆಗೆ ಹೊಸದು. ರೋಗದ ಗಿಡ ಏನಾದ್ರೂ ತಿಪ್ಪೆಗೆ ಹಾಕಿದ್ರಾ? ಸುಟ್ಟೇ ಹಾಕ್ಬೇಕು, ಇಲ್ಲಾಂದ್ರೆ ರೋಗ ಗೊಬ್ಬರದ ಜೊತೆ ಹೊಲಕ್ಕೇ ಬರುತ್ತೆ."

ಶಿವರತ್ನಮ್ಮನಿಗೆ ಥಟ್ಟನೆ ನೆನಪಾಯಿತು. ಹೋದ ವರ್ಷ ಅಣ್ಣ ದಿನಕ್ಕೊಂದು ಹೊರೆ ಜೋಳದ ಗಿಡ ತಂದು ಹಾಕಿದ್ದ. "ನಿನ್ ದನಗೊಳ್ಗೆ ಮೇವಿಲ್ವಲ್ಲವ್ವ" ಎಂದಿದ್ದ. ಆ ಸುಳಿಯೂ ಬೆಳ್ಳಗಿತ್ತು. ನೀರು ಸಾಲದೆ ಹಾಗಾಗಿದೆ ಎಂದುಕೊಂಡಿದ್ದಳು. ದನ ತಿಂದು ಬಿಟ್ಟದ್ದು ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಅಣ್ಣನೆಂದರೆ ಹೀಗಿರಬೇಕು ಎಂದು ಕೇರಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದವಳು ಬೇರೆ, ಪಾಪ! ಅವನಿಗೂ ಗೊತ್ತಿರಲಿಲ್ಲವೇನೋ ಎಂದು ಮನಸ್ಸು ಈಗಲೂ ಅವನ ಪರವೇ ವಾದಿಸುತ್ತಿತ್ತು. ನೋಡಿಯೇಬಿಡೋಣ ಎಂದು ಬಿಳಿಸುಳಿಯ ಗಿಡ ಒಂದು ಹೊರೆ ಕಿತ್ತು, ತಲೆಯ ಮೇಲಿಟ್ಟುಕೊಂಡು ಅವನ ಮನೆಗೆ ನಡೆದಳು.

ಪುಟ್ಟಬಸಪ್ಪ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ.

"ಅಣ್ಣಯ್ಯ, ನಿನ್ ದನಗೊಳ್ಗೆ ಮೇವು ತಂದಿವ್ನಿ."

ಅವನು ಹಾವು ತುಳಿದವನಂತೆ ಎದ್ದ. "ಅಯ್ಯಯ್ಯೋ, ಒಳಿಕ್ ತರ್ಬ್ಯಾಡ ಕಣವ್ವ! ಅತ್ಲಾಗ್ ತಕಂಡೋಗಿ ಸುಟ್ಟಾಕು!"

"ಸುಡ್ಬೇಕು ಅಂತ ನಿಂಗ್ಯಾರ್ ಏಳುದ್ರು?"

"ಓದೊರ್ಸವೇ ಆ ಮೇಡಮ್ಮು..." ಎಂದವನು ನಾಲಗೆ ಕಚ್ಚಿಕೊಂಡ. ಆಮೇಲೆ ನೆಲ ನೋಡುತ್ತ, "ಸುಟ್ಟ ಒಗೆ ಊರೋರ್ಗೆ ಕಂಡಿದ್ರೆ, ಉಳ್ದಿದ್ ನನ್ ಸೆಪ್ಪೆನ ಯಾರ್ ಕೊಂಡ್ಕತಿದ್ರವ್ವ?" ಎಂದ.

ಎಂಥಾ ಬುದ್ಧಿ ನೋಡಿ! ಒಡಹುಟ್ಟಿದವಳ ಹೊಲ ಹಾಳಾದರೂ ಸರಿ, ತನ್ನ ಸೆಪ್ಪೆ, ಆ ಜೋಳದ ದಂಟಿನ ಮೇವು, ಮಾರಾಟವಾಗಬೇಕು.

"ನಿನ್ನ ನಂಬುದ್ನಲ್ಲೋ" ಎಂದಳು, ಅಷ್ಟೇ.

ಅವನ ಬಾಗಿಲ ಮುಂದೆಯೇ, ನಡುಬೀದಿಯಲ್ಲಿ, ಹೊರೆ ಇಳಿಸಿದಳು. ಅತ್ತಿಗೆಯ ಒಲೆಯಿಂದ ಕೊಳ್ಳಿ ತಂದು ಹಚ್ಚಿದಳು. ಹಸಿ ಗಿಡ, ಉರಿಗಿಂತ ಹೊಗೆಯೇ ಹೆಚ್ಚು. ಹೊಗೆ ಕಂಡು ಕೇರಿಯ ಜನವೆಲ್ಲ ಬಂದು ನಿಂತರು.

"ಏನವ್ವ ಇದು ಶಿವರತ್ನ?"

"ನಮ್ಮಣ್ಣ ಓದೊರ್ಸ ಸುಡ್ಬೇಕಾಗಿದ್ದು ಕಣ್ರಿ" ಎಂದಳು, ಕಣ್ಣೊರೆಸಿಕೊಳ್ಳುತ್ತ. "ಈಗ ನಾನ್ ಸುಡ್ತಾ ಇವ್ನಿ."